ದುಡ್ಡು ಕಟ್ ಆಯ್ತು, ಮೆಸೇಜ್ ಎಲ್ಲಿ ಹೋಯ್ತು?

ಭಾಗ 1/9

ಈ ಸಲದ ವಿಷಯ ಕೇಳಿದ್ರೆ ಅರ್ಧ ಜನ ಸ್ಕ್ರೋಲ್ ಮಾಡ್ಕೊಂಡು ಮುಂದೆ ಹೋಗ್ತೀರಾ, ಗೊತ್ತು. ಮೆಸೇಜ್ ಬ್ರೋಕರ್ ಸಾಫ್ಟ್‌ವೇರ್‌ಗಳಿಗೆ ಬಂದಿರೋ ಹೊಸ ಫೀಚರ್‌ಗಳು. "ನಾವು ಬಿಕಾಂ ಗುರು, ಇದನ್ನ ಬಿಸಿಎ ಅವ್ರಿಗೆ ಹೇಳು" ಅನ್ನೋ ಕಾಮೆಂಟ್ ಬಂದೇ ಬರುತ್ತೆ.

ಬರ್ಲಿ. ಆದ್ರೂ ಇದನ್ನ ನಮಗೋಸ್ಕರಾನೇ ಬರೆದಿದ್ದೀನಿ.

ಬ್ರೋಕರ್ ಅಂದ್ರೆ ನಮಗೆ ಗೊತ್ತಿರೋದು ಸೈಟ್ ಬ್ರೋಕರ್, ಬಾಡಿಗೆ ಮನೆ ಬ್ರೋಕರ್, ಪುಸ್ತಕದಲ್ಲಿ ಓದಿದ ಸ್ಟಾಕ್ ಬ್ರೋಕರ್. ಮೆಸೇಜ್ ಬ್ರೋಕರ್ ಕೂಡ ಅದೇ ಜಾತಿಯವನು. ಮಧ್ಯದಲ್ಲಿ ನಿಂತು ಒಬ್ಬರ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸೋದು ಅವನ ಕೆಲಸ. ಇಲ್ಲಿ ಮಾತಾಡೋರು ಮಾತ್ರ ಸಾಫ್ಟ್‌ವೇರ್‌ಗಳು.

ನೀವು ಆನ್‌ಲೈನಲ್ಲಿ ಒಂದು ಶರ್ಟ್ ತಗೊಂಡ್ರಿ ಅಂತ ಇಟ್ಕೊಳ್ಳಿ. ದುಡ್ಡು ಬಂತಾ ಅಂತ ನೋಡೋದು ಒಂದು ಸಿಸ್ಟಮ್. ಗೋಡೌನ್‌ನಲ್ಲಿ ಸ್ಟಾಕ್ ಕಮ್ಮಿ ಮಾಡೋದು ಇನ್ನೊಂದು. ಜಿಎಸ್‌ಟಿ ಬಿಲ್ ಮಾಡೋದು ಮತ್ತೊಂದು. ನಿಮ್ಮ ಫೋನಿಗೆ ಎಸ್‌ಎಂಎಸ್ ಕಳಿಸೋದು ಇನ್ನೊಂದು. ಇವೆಲ್ಲ ಒಂದಕ್ಕೊಂದು ನೇರವಾಗಿ ಮಾತಾಡ್ತಾ ಕೂತ್ರೆ, ಒಂದು ಕೆಟ್ಟು ನಿಂತಾಗ ಉಳಿದವೂ ನಿಲ್ತವೆ. ಅದಕ್ಕೆ ಮಧ್ಯ ಒಬ್ಬ ಬ್ರೋಕರ್. "ದುಡ್ಡು ಬಂತು" ಅನ್ನೋ ಸುದ್ದಿ ಅವನ ಹತ್ರ ಬಂದು ಬೀಳುತ್ತೆ. ಬೇಕಾದವರು ಬಂದು ಎತ್ಕೊಂಡು ಹೋಗ್ತಾರೆ.

ನಾನು ಹೇಳಬೇಕಾಗಿರೋದು ಇಷ್ಟೇ. ಈ ಬ್ರೋಕರ್‌ನ ಮುಖ್ಯವಾದ ಸೆಟ್ಟಿಂಗ್‌ಗಳು ದುಡ್ಡಿನ ತೀರ್ಮಾನಗಳು. ಸುದ್ದಿ ಕಳೆದುಹೋದ್ರೆ ನಷ್ಟ ಯಾರಿಗೆ, ಎರಡು ಸಲ ಹೋದ್ರೆ ನಷ್ಟ ಯಾರಿಗೆ, ಸಿಕ್ಕಿಹಾಕಿಕೊಂಡ್ರೆ ಹುಡುಕೋರು ಯಾರು ಅನ್ನೋದು ಅಲ್ಲಿ ತೀರ್ಮಾನ ಆಗುತ್ತೆ. ಅದನ್ನ ಇಂಜಿನಿಯರ್‌ಗಳ ತಲೆಗೆ ಮಾತ್ರ ಕಟ್ಟಿ ನಾವು ಕೈತೊಳ್ಕೊಳ್ಳೋದು ತಪ್ಪು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ. ಮುಂದಿನ ಭಾಗಕ್ಕೆ ಬನ್ನಿ.

ಭಾಗ 2/9

ಮೊದಲು ದರ್ಶಿನಿಗೆ ಹೋಗೋಣ.

ಕ್ಯಾಷ್ ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಟೋಕನ್ ತಗೋತೀರಾ. ಕ್ಯಾಷಿಯರ್‌ಗೆ ಒಳಗೆ ದೋಸೆ ಹಾಕ್ತಿರೋದು ಯಾರು, ತವಾ ಕಾದಿದೆಯಾ, ಚಟ್ನಿ ಮುಗಿದಿದೆಯಾ ಅಂತ ಗೊತ್ತಿರಬೇಕಿಲ್ಲ. ಟೋಕನ್ ಕೊಟ್ಟು ಮುಂದಿನವರನ್ನ ಕರೀತಾನೆ. ದೋಸೆ ಕೌಂಟರ್‌ನವನು ತನ್ನ ಸ್ಪೀಡಲ್ಲಿ ಟೋಕನ್ ತಗೊಂಡು ದೋಸೆ ಕೊಡ್ತಾ ಹೋಗ್ತಾನೆ. ಕೊಟ್ಟಾದ ಟೋಕನ್ನನ್ನ ಕಂಬಿಗೆ ಚುಚ್ತಾನೆ. ಮೆಸೇಜ್ ಬ್ರೋಕರ್ ಮಾಡೋದು ಹೆಚ್ಚು ಕಮ್ಮಿ ಇದೇ ಕೆಲಸ. ಚುಚ್ಚಿದ ಟೋಕನ್ ಅಂದ್ರೆ "ಕೆಲಸ ಆಯ್ತು" ಅನ್ನೋ ಅಕ್ನಾಲೆಡ್ಜ್‌ಮೆಂಟ್.

ಈಗ ಒಂದು ಸಣ್ಣ ಪ್ರಶ್ನೆ. ಕೌಂಟರ್‌ನವನು ಟೋಕನ್ನನ್ನ ಯಾವಾಗ ಚುಚ್ಚಬೇಕು? ದೋಸೆ ಕೊಡೋಕೆ ಮುಂಚೆನಾ, ಕೊಟ್ಟ ಮೇಲಾ?

ಮುಂಚೇನೇ ಚುಚ್ಚಿಬಿಟ್ಟ, ಅಷ್ಟರಲ್ಲಿ ಕರೆಂಟ್ ಹೋಯ್ತು, ಗಲಾಟೆ ಆಯ್ತು, ಮರೆತುಹೋದ. ನಿಮ್ಮ ಟೋಕನ್ ಕಂಬಿಯಲ್ಲಿದೆ, ದೋಸೆ ಇಲ್ಲ. ನೀವು ಎಷ್ಟು ಹೇಳಿದ್ರೂ "ಕೊಟ್ಟಾಯ್ತಲ್ಲ" ಅಂತಾನೆ. ನಷ್ಟ ನಿಮ್ಮದು.

ಕೊಟ್ಟ ಮೇಲೆ ಚುಚ್ತೀನಿ ಅಂದ. ದೋಸೆ ಕೊಟ್ಟ, ಟೋಕನ್ ಚುಚ್ಚೋಕೆ ಮರೆತ. ಪಾಳಿ ಬದಲಾಗಿ ಬಂದ ಹುಡುಗ ಅದೇ ಟೋಕನ್ ನೋಡಿ ಇನ್ನೊಂದು ದೋಸೆ ಕೊಟ್ಟ. ನಷ್ಟ ಹೋಟೆಲಿನವರದು.

ಮೊದಲನೇ ಪದ್ಧತಿಗೆ "ಅಟ್ ಮೋಸ್ಟ್ ಒನ್ಸ್" ಅಂತಾರೆ, ಹೆಚ್ಚೆಂದರೆ ಒಂದು ಸಲ. ಎರಡನೇದು "ಅಟ್ ಲೀಸ್ಟ್ ಒನ್ಸ್", ಕಮ್ಮಿ ಅಂದ್ರೂ ಒಂದು ಸಲ. ಮೂರನೇದು ಎಲ್ಲರೂ ಆಸೆ ಪಡೋದು, "ಎಕ್ಸಾಕ್ಟ್ಲಿ ಒನ್ಸ್", ಸರಿಯಾಗಿ ಒಂದೇ ಸಲ.

ಟೋಕನ್ ಚುಚ್ಚೋ ಕೆಲಸ ಅರ್ಧ ಸೆಕೆಂಡಿನದು. ಮುಂಚೆನಾ ಆಮೇಲಾ ಅನ್ನೋದರಲ್ಲೇ ನಷ್ಟ ಗ್ರಾಹಕರಿಂದ ಮಾಲೀಕರ ಕಡೆಗೆ ಜಾರುತ್ತೆ. ಇದನ್ನ ದೋಸೆ ಹಾಕೋ ಹುಡುಗ ತೀರ್ಮಾನ ಮಾಡಬೇಕಾ, ಹೋಟೆಲ್ ಮಾಲೀಕರು ತೀರ್ಮಾನ ಮಾಡಬೇಕಾ, ನೀವೇ ಹೇಳಿ.

ಭಾಗ 3/9

ಸ್ವಲ್ಪ ಇತಿಹಾಸ. ಬೋರ್ ಹೊಡಿಸಲ್ಲ, ಪಕ್ಕಾ.

ಈ ಸಾಫ್ಟ್‌ವೇರ್‌ಗಳಿಗೆ ನಾವು ಪರಕೀಯರಲ್ಲ. ಇವುಗಳನ್ನ ಮೊದಮೊದಲು ಕೇಳಿ ಮಾಡಿಸಿಕೊಂಡವರಲ್ಲಿ ನಮ್ಮ ಫೀಲ್ಡಿನವರೇ ಜಾಸ್ತಿ. 1980ರ ದಶಕದಲ್ಲಿ ಮುಂಬೈನಲ್ಲಿ ಹುಟ್ಟಿದ ವಿವೇಕ್ ರಣದಿವೆ ಅಮೆರಿಕದಲ್ಲಿ "ದಿ ಇನ್ಫರ್ಮೇಷನ್ ಬಸ್" ಅನ್ನೋ ಸಾಫ್ಟ್‌ವೇರ್ ಮಾಡಿಸಿದರು. ಷೇರು ವ್ಯಾಪಾರ ನಡೆಯೋ ಟ್ರೇಡಿಂಗ್ ಫ್ಲೋರ್‌ಗಳಲ್ಲಿ ಬೆಲೆಯ ಸುದ್ದಿಯನ್ನ ಎಲ್ಲ ಟೇಬಲ್‌ಗಳಿಗೂ ಹಂಚೋಕೆ ಅದು ಬೇಕಾಗಿತ್ತು. ಆಮೇಲೆ ಅವರು ಕಟ್ಟಿದ ಟಿಬ್ಕೋ ಕಂಪನಿಯ ಹೆಸರಿನಲ್ಲಿರೋ ಮೊದಲ ಮೂರಕ್ಷರ ಇದೇ ಬಸ್ಸಿಂದ ಬಂದಿದ್ದು.

1993ರಲ್ಲಿ ಐಬಿಎಂನವರು ಎಂಕ್ಯೂ ಸೀರೀಸ್ ತಂದರು. ಇವತ್ತು ಅದರ ಹೆಸರು ಐಬಿಎಂ ಎಂಕ್ಯೂ. 30 ವರ್ಷ ದಾಟಿದರೂ ಬ್ಯಾಂಕುಗಳಲ್ಲಿ ಓಡ್ತಾನೇ ಇದೆ. ಮೆಸೇಜನ್ನ ಡಿಸ್ಕ್‌ಗೆ ಬರೆದಿಟ್ಕೊಂಡು, ಮಷಿನ್ ಆಫ್ ಆಗಿ ಆನ್ ಆದ್ರೂ ಕಳೆದುಹೋಗದ ಹಾಗೆ ಮುಟ್ಟಿಸೋದು ಅವತ್ತೇ ಸಾಧ್ಯ ಇತ್ತು. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2003ರಲ್ಲಿ ಜೆಪಿ ಮೋರ್ಗನ್ ಚೇಸ್ ಬ್ಯಾಂಕಿನಲ್ಲಿದ್ದ ಜಾನ್ ಒಹಾರಾ ಅವರು ಎಎಂಕ್ಯೂಪಿ ಅನ್ನೋ ನಿಯಮಾವಳಿ ಶುರು ಮಾಡಿದರು. ಒಂದೇ ಕಂಪನಿಯ ಸಾಫ್ಟ್‌ವೇರ್‌ಗೆ ಬ್ಯಾಂಕ್ ಕಟ್ಟಿಬೀಳಬಾರದು, ಯಾರು ಮಾಡಿದ ಬ್ರೋಕರ್ ಆದ್ರೂ ಒಂದೇ ಭಾಷೆ ಆಡಬೇಕು ಅನ್ನೋದು ಆಲೋಚನೆ. ನಾವು ಮಾರ್ಕೆಟಿಂಗ್‌ನಲ್ಲೋ ಎಕನಾಮಿಕ್ಸ್‌ನಲ್ಲೋ ಓದೋ ಮೊನೊಪಲಿ ಪಾಠ ಇದೇ ತಾನೇ? ಆ ನಿಯಮಾವಳಿ ಇಟ್ಕೊಂಡು 2007ರಲ್ಲಿ ರ‍್ಯಾಬಿಟ್‌ಎಂಕ್ಯೂ ಬಂತು.

ಕಾಫ್ಕಾ ಹುಟ್ಟಿದ್ದು ಲಿಂಕ್ಡ್‌ಇನ್ ಒಳಗೆ. ಜೇ ಕ್ರೆಪ್ಸ್, ನೇಹಾ ನಾರ್ಖೇಡೆ, ಜುನ್ ರಾವ್ ಅವರ ಕೆಲಸ. 2011ರಲ್ಲಿ ಎಲ್ಲರಿಗೂ ಓಪನ್ ಸೋರ್ಸ್ ಆಯ್ತು. ಹೆಸರು ಲೇಖಕ ಫ್ರಾಂಜ್ ಕಾಫ್ಕಾ ಅವರದ್ದು.

ಹೊಸ ಫೀಚರ್ ಅಂದಾಗ ನಾನು ಮುಖ್ಯವಾಗಿ ನೋಡೋದು ಈ ಕೊನೆಯ ಎರಡನ್ನ. ಯಾಕಂದ್ರೆ ಇವೆರಡರ ರಿಲೀಸ್ ನೋಟ್ಸ್ ಯಾರು ಬೇಕಾದ್ರೂ ಓದಬಹುದು. ಲಾಗಿನ್ ಬೇಡ, ಫೀಸ್ ಬೇಡ.

ಭಾಗ 4/9

ಕಾಫ್ಕಾ ದರ್ಶಿನಿಯ ಟೋಕನ್ ಥರ ಅಲ್ಲ. ಅದು ನಮ್ಮ ಜರ್ನಲ್ ಥರ.

ಸುದ್ದಿ ಬಂದ ಹಾಗೆ ಒಂದರ ಕೆಳಗೆ ಒಂದು ಬರ್ಕೊಂಡು ಹೋಗುತ್ತೆ. ಬರೆದ ಸಾಲನ್ನ ತಿದ್ದೋ ಹಾಗಿಲ್ಲ. ತಪ್ಪಾಗಿದ್ರೆ ಕೆಳಗೆ ಹೊಸ ಎಂಟ್ರಿ ಹಾಕಬೇಕು. ರೆಕ್ಟಿಫಿಕೇಷನ್ ಆಫ್ ಎರರ್ಸ್ ಪಾಠ ಮಾಡಿದವರಿಗೆ ಇದು ಹೊಸದಲ್ಲ. ಒಬ್ಬರು ಓದಿದ್ರು ಅಂತ ಸಾಲು ಅಳಿಸಿಹೋಗಲ್ಲ. ಪ್ರತಿಯೊಬ್ಬ ಓದುಗನೂ "ನಾನು ಇಲ್ಲೀವರೆಗೆ ಓದಿದ್ದೀನಿ" ಅಂತ ತನ್ನದೇ ಬುಕ್‌ಮಾರ್ಕ್ ಇಟ್ಕೋತಾನೆ. ಯಾರೂ ಸೆಟ್ಟಿಂಗ್ ಮುಟ್ಟದಿದ್ರೆ 7 ದಿನ ಇಟ್ಟು ಆಮೇಲೆ ಹಳೇದನ್ನ ತೆಗೆದುಹಾಕುತ್ತೆ.

ಈಗ ನೋಡಿ ನನಗೆ ತುಂಬಾ ಮುಖ್ಯ ಅನ್ಸಿದ ಬದಲಾವಣೆ. ಕಾಫ್ಕಾದಲ್ಲಿ ಒಂದೇ ಪುಸ್ತಕದ ಪ್ರತಿಗಳು ಬೇರೆ ಬೇರೆ ಮಷಿನ್‌ಗಳಲ್ಲಿ ಇರ್ತವೆ. ಮೂರು ಅಂತ ಇಟ್ಕೊಳ್ಳಿ. ನೀವು ಕಳಿಸಿದ ಸುದ್ದಿಗೆ "ಬಂತು" ಅಂತ ರಸೀದಿ ಯಾವಾಗ ಕೊಡಬೇಕು? ಮೊದಲನೇ ಮಷಿನ್ ಬರ್ಕೊಂಡ ತಕ್ಷಣ ಕೊಟ್ಟುಬಿಡಬಹುದು. ಆಗ ಸ್ಪೀಡ್ ಜಾಸ್ತಿ. ಆದ್ರೆ ಉಳಿದವುಗಳಿಗೆ ಕಾಪಿ ಆಗೋಕೆ ಮುಂಚೆ ಆ ಮಷಿನ್ ಸತ್ತರೆ, ನಿಮ್ಮ ಕೈಯಲ್ಲಿ ರಸೀದಿ ಇದೆ, ಪುಸ್ತಕದಲ್ಲಿ ಎಂಟ್ರಿ ಇಲ್ಲ. ಇಲ್ಲಾಂದ್ರೆ ಜೊತೆಗಿರೋ ಎಲ್ಲ ಪ್ರತಿಗಳಲ್ಲೂ ಬರೆದ ಮೇಲೆ ರಸೀದಿ ಕೊಡಬಹುದು. ಸ್ವಲ್ಪ ನಿಧಾನ, ಆದ್ರೆ ಗಟ್ಟಿ.

ವರ್ಷಗಟ್ಟಲೆ ಕಾಫ್ಕಾದ ಡೀಫಾಲ್ಟ್ ಮೊದಲನೇದಾಗಿತ್ತು. 2021ರಲ್ಲಿ ಬಂದ 3.0 ಆವೃತ್ತಿಯಲ್ಲಿ ಅದನ್ನ ಎರಡನೇದಕ್ಕೆ ಬದಲಾಯಿಸಿದರು. ಕೋಡ್ ಲೆಕ್ಕದಲ್ಲಿ ಸಣ್ಣ ಬದಲಾವಣೆ. ಲೆಕ್ಕಪತ್ರದ ಕಣ್ಣಲ್ಲಿ ನೋಡಿದ್ರೆ ಪಾಲಿಸಿಯೇ ಬದಲಾಯ್ತು.

ಇಲ್ಲೂ ಒಂದು ತಿರುವಿದೆ. "ಎಲ್ಲ ಪ್ರತಿಗಳು" ಅಂದ್ರೆ ಆ ಕ್ಷಣಕ್ಕೆ ಸರಿಯಾಗಿ ಜೊತೆಗಿರೋ ಪ್ರತಿಗಳು. ಕನಿಷ್ಠ ಎಷ್ಟಿರಬೇಕು ಅನ್ನೋದು ಬೇರೆ ಸೆಟ್ಟಿಂಗ್, ಅದರ ಡೀಫಾಲ್ಟ್ 1. ಅಂದ್ರೆ ಎರಡು ಮಷಿನ್ ಹಿಂದೆ ಬಿದ್ದಿದ್ರೆ, ಒಂದೇ ಒಂದು ಪ್ರತಿಯಲ್ಲಿ ಬರೆದರೂ "ಎಲ್ಲ" ಅಂತಾನೇ ಲೆಕ್ಕ. ಷರತ್ತುಗಳು ಅನ್ವಯ ಅಂತ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರ್ತಾರಲ್ಲ, ಇದೂ ಹಾಗೇ.

ಡೀಫಾಲ್ಟ್ ಅನ್ನೋದು ಆಕಾಶದಿಂದ ಬಿದ್ದಿದ್ದಲ್ಲ. ಯಾರೋ ಒಬ್ಬರು, ಎಲ್ಲೋ ಕೂತು, ನಿಮ್ಮ ಪರವಾಗಿ ತಗೊಂಡ ತೀರ್ಮಾನ ಅದು.

ಭಾಗ 5/9

ಈಗ ಕಾಫ್ಕಾ 4.0. ಬಂದಿದ್ದು 2025ರ ಮಾರ್ಚ್‌ನಲ್ಲಿ.

ದೊಡ್ಡ ಸುದ್ದಿ ಆಗಿದ್ದು ಸೇರಿಸಿದ್ದರಿಂದ ಅಲ್ಲ, ತೆಗೆದಿದ್ದರಿಂದ. ಮೊದಲೆಲ್ಲ ಕಾಫ್ಕಾ ಒಂದನ್ನೇ ಓಡಿಸೋಕೆ ಆಗ್ತಿರಲಿಲ್ಲ, ಪಕ್ಕದಲ್ಲಿ ಝೂಕೀಪರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬೇಕಿತ್ತು. ಯಾವ ಪುಸ್ತಕ ಯಾವ ಮಷಿನ್‌ನಲ್ಲಿದೆ, ಯಾರು ಮುಖ್ಯಸ್ಥ ಅನ್ನೋ ಲೆಕ್ಕ ಇಡೋಕೆ. ಅದನ್ನ ತೆಗೀಬೇಕು ಅಂತ ಪ್ರಸ್ತಾವ ಬಂದಿದ್ದು 2019ರಲ್ಲಿ. ಕಾಫ್ಕಾ ತನ್ನ ಲೆಕ್ಕವನ್ನ ತಾನೇ ನೋಡ್ಕೊಳ್ಳೋ ಕೆರಾಫ್ಟ್ ಅನ್ನೋ ಪದ್ಧತಿ 2022ರಲ್ಲಿ ನಿಜವಾದ ಬಳಕೆಗೆ ಸಿದ್ಧ ಆಯ್ತು. 4.0ರಲ್ಲಿ ಝೂಕೀಪರ್ ಪೂರ್ತಿ ಹೋಯ್ತು.

ಇದರಲ್ಲಿ ಬಿಕಾಂಗೆ ಏನು ಕೆಲಸ? ಇದೆ. ಎರಡು ಸಾಫ್ಟ್‌ವೇರ್ ಇದ್ದಾಗ ಎರಡನ್ನೂ ಕಾಯಬೇಕು, ಎರಡಕ್ಕೂ ಸೆಕ್ಯುರಿಟಿ ನೋಡಬೇಕು, ಎರಡರ ಬಗ್ಗೆಯೂ ತಿಳಿದವರಿಗೆ ಸಂಬಳ ಕೊಡಬೇಕು. ಒಂದು ಕಮ್ಮಿ ಆದ್ರೆ ಖರ್ಚು ಕಮ್ಮಿ. ಆದ್ರೆ ಹಳೇದರಿಂದ ಹೊಸದಕ್ಕೆ ಒಂದೇ ನೆಗೆತಕ್ಕೆ ಹೋಗೋಕಾಗಲ್ಲ. ಝೂಕೀಪರ್ ಜೊತೆ ಓಡ್ತಿರೋರು ಮೊದಲು 3.9 ಥರದ ಸೇತುವೆ ಆವೃತ್ತಿಗೆ ಬಂದು, ಅಲ್ಲಿ ಕೆರಾಫ್ಟ್‌ಗೆ ಬದಲಾಗಿ, ಆಮೇಲೆ 4.0ಗೆ ಹೋಗಬೇಕು. ಅದಕ್ಕೆ ಸಮಯ, ಜನ, ಟೆಸ್ಟಿಂಗ್ ಎಲ್ಲಾ ಬೇಕು.

"ಈಗ ಓಡ್ತಾ ಇದೆಯಲ್ಲ, ಮುಂದಿನ ವರ್ಷ ನೋಡೋಣ" ಅಂತ ಬಜೆಟ್ ಮೀಟಿಂಗ್‌ನಲ್ಲಿ ಹೇಳೋರು ಯಾರು? ಸಾಮಾನ್ಯವಾಗಿ ಫೈನಾನ್ಸ್‌ನವರು. ನಾಳೆ ಆ ಕುರ್ಚಿಯಲ್ಲಿ ಕೂರೋದು ನಮ್ಮಲ್ಲೇ ಕೆಲವರು. ಮಷಿನ್‌ಗೆ ಡಿಪ್ರಿಸಿಯೇಷನ್ ಹಾಕೋದು ನಮಗೆ ಬಾಯಿಪಾಠ. ಸಾಫ್ಟ್‌ವೇರ್ ಹಳೇದಾಗಿ ಸಪೋರ್ಟ್ ನಿಲ್ಲೋದನ್ನ ಮಾತ್ರ ಲೆಕ್ಕಕ್ಕೇ ತಗೊಳ್ಳಲ್ಲ. ಅಪ್‌ಗ್ರೇಡನ್ನ ತಳ್ಳೋದು ಕೂಡ ಒಂದು ಸಾಲ. ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣಲ್ಲ ಅಷ್ಟೇ, ಬಡ್ಡಿ ಮಾತ್ರ ಬೆಳೀತಾ ಇರುತ್ತೆ.

4.0ರಲ್ಲಿ ಇನ್ನೊಂದಿದೆ. ಮೊದಲು ಒಂದು ಗುಂಪಿಗೆ ಒಬ್ಬ ಹೊಸ ಕೆಲಸಗಾರ ಸೇರಿದ್ರೆ, ಕೆಲಸ ಮತ್ತೆ ಹಂಚೋಕೆ ಅಂತ ಇಡೀ ಗುಂಪು ನಿಂತುಬಿಡೋ ಸಂದರ್ಭಗಳಿದ್ದವು. ಒಬ್ಬ ಹೊಸ ಹುಡುಗ ಬಂದ ಅಂತ ದರ್ಶಿನಿಯ ಎಲ್ಲ ಕೌಂಟರ್ ಬಂದ್ ಮಾಡಿ ಮೀಟಿಂಗ್ ಮಾಡಿದ ಹಾಗೆ. ಹೊಸ ಪದ್ಧತಿಯಲ್ಲಿ ಬದಲಾಗಬೇಕಾದವರು ಮಾತ್ರ ಬದಲಾಗ್ತಾರೆ, ಉಳಿದವರು ದೋಸೆ ಕೊಡ್ತಾನೇ ಇರ್ತಾರೆ. ಆದ್ರೆ ಇದು ಬೇಕು ಅಂತ ಓದೋ ಕಡೆಯವರು ಸೆಟ್ಟಿಂಗ್ ಹಾಕ್ಬೇಕು. ಹಾಕದಿದ್ರೆ ಹಳೇ ಪದ್ಧತೀನೇ.

ಭಾಗ 6/9

ಜನ ಜಾಸ್ತಿ ಮಾತಾಡಿದ ಫೀಚರ್ ಇದು: ಷೇರ್ ಗ್ರೂಪ್.

ಕಾಫ್ಕಾದ ಪುಸ್ತಕವನ್ನ ಪಾರ್ಟಿಷನ್ ಅಂತ ಭಾಗ ಮಾಡಿರ್ತಾರೆ. ಹಳೇ ನಿಯಮದ ಪ್ರಕಾರ ಒಂದು ಗುಂಪಿನಲ್ಲಿ ಒಂದು ಪಾರ್ಟಿಷನ್ನಿಗೆ ಒಬ್ಬನೇ ಓದುಗ. 6 ಪಾರ್ಟಿಷನ್ ಇದ್ದು 10 ಜನ ಕೆಲಸಗಾರರಿದ್ರೆ, 4 ಜನ ಕೈಕಟ್ಟಿ ಕೂರಬೇಕು. ಷೇರ್ ಗ್ರೂಪ್‌ನಲ್ಲಿ ಹತ್ತೂ ಜನ ಕೆಲಸ ಹಂಚ್ಕೋಬಹುದು. ಒಂದೊಂದು ಮೆಸೇಜಿಗೂ ಬೇರೆ ಬೇರೆ ಉತ್ತರ ಕೊಡಬಹುದು: ಮುಗೀತು, ಈಗ ಆಗಲ್ಲ ವಾಪಸ್ ತಗೋ, ಇದು ಕೆಟ್ಟಿದೆ ಬೇಡ. 4.0ರಲ್ಲಿ ಇದು ಆರಂಭಿಕ ಪರೀಕ್ಷೆಗೆ ಬಂತು, 2025ರ ಸೆಪ್ಟೆಂಬರ್‌ನ 4.1ರಲ್ಲಿ ಪ್ರಿವ್ಯೂ ಆಯ್ತು.

ಕೇಳೋಕೆ ಸೂಪರ್. ಖಾಲಿ ಕೂತವರಿಗೆ ಕೆಲಸ ಸಿಕ್ತು, ಕ್ಯೂ ಬೇಗ ಕರಗ್ತು. ಆದ್ರೆ ಒಂದನ್ನ ಕೊಟ್ಟು ಇನ್ನೊಂದನ್ನ ತಗೊಂಡಿದ್ದಾರೆ. ಸಾಲು ತಪ್ಪಬಹುದು. ಯಾವ ಮೆಸೇಜ್ ಮೊದಲು, ಯಾವುದು ಆಮೇಲೆ ಅನ್ನೋ ಖಾತ್ರಿ ಹೋಗುತ್ತೆ.

ಒಂದು ಖಾತೆಯಲ್ಲಿ ₹100 ಇದೆ ಅಂತ ಇಟ್ಕೊಳ್ಳಿ. ಮೊದಲು ₹500 ಜಮಾ, ಆಮೇಲೆ ₹400 ಡ್ರಾ. ಇದೇ ಸಾಲಲ್ಲಿ ಹೋದ್ರೆ ಕೊನೆಗೆ ₹200. ಸಾಲು ತಿರುಗಿದ್ರೆ? ₹100 ಇರೋ ಖಾತೆಯಿಂದ ₹400 ಕೇಳಿದ ಹಾಗಾಗುತ್ತೆ. "ಬ್ಯಾಲೆನ್ಸ್ ಸಾಲದು" ಅಂತ ರಿಜೆಕ್ಟ್. ಅದು ಸಾಲದ ಕಂತಿನ ಆಟೋ ಡೆಬಿಟ್ ಆಗಿದ್ರೆ ಬೌನ್ಸ್ ಚಾರ್ಜು ಬೇರೆ. ಗ್ರಾಹಕನ ಕಡೆಯಿಂದ ಯಾವ ತಪ್ಪೂ ಇಲ್ಲ.

ಅದೇ ಒಂದು ಲಕ್ಷ ಜನಕ್ಕೆ ಹಬ್ಬದ ಆಫರ್ ಎಸ್‌ಎಂಎಸ್ ಕಳಿಸೋ ಕೆಲಸ ಆಗಿದ್ರೆ ಸಾಲು ಯಾರಿಗೆ ಬೇಕು? ಅಲ್ಲಿ ಷೇರ್ ಗ್ರೂಪ್ ಚಿನ್ನ.

ಹಾಗಾಗಿ "ಹೊಸ ಫೀಚರ್ ಬಂದಿದೆ, ಹಾಕ್ಬಿಡೋಣ" ಅನ್ನೋಕೆ ಮುಂಚೆ ಒಬ್ಬರು ಕೇಳಬೇಕು, ಈ ಕೆಲಸದಲ್ಲಿ ಸಾಲು ಮುಖ್ಯನಾ ಅಂತ. ಕೋಡ್ ಬರೆಯೋರಿಗೆ ವ್ಯವಹಾರ ಗೊತ್ತಿರಲೇಬೇಕು ಅಂತಿಲ್ಲ. ಯಾವ ವ್ಯವಹಾರದಲ್ಲಿ ಸಾಲು ಮುಖ್ಯ ಅಂತ ಗೊತ್ತಿರೋದು ನಮಗೆ. ಎಫ್‌ಐಎಫ್‌ಒ, ಎಲ್‌ಐಎಫ್‌ಒ ಅಂತ ಸ್ಟಾಕ್ ವ್ಯಾಲ್ಯುಯೇಷನ್ ಪ್ರಾಬ್ಲಮ್ ಮಾಡಿ ಮಾಡಿ ಕೈ ನೋಯಿಸಿಕೊಂಡಿದ್ದು ಯಾರು ಮತ್ತೆ?

ಭಾಗ 7/9

ಈಗ ರ‍್ಯಾಬಿಟ್‌ಎಂಕ್ಯೂ 4.0. ಬಂದಿದ್ದು 2024ರ ಸೆಪ್ಟೆಂಬರ್.

ಇಲ್ಲೂ ಮೊದಲ ಸುದ್ದಿ ತೆಗೆದಿದ್ದರದ್ದೇ. ಕ್ಯೂಗಳನ್ನ ಕಾಪಿ ಮಾಡಿಡೋ ಹಳೇ ಪದ್ಧತಿ, ಅಂದ್ರೆ ಮಿರರಿಂಗ್, ಹೋಯ್ತು. ನೆಟ್‌ವರ್ಕ್ ಕಡಿದುಹೋದಾಗ ಅದರಲ್ಲಿ ಮೆಸೇಜ್ ಕಳೆಯೋ ಅಪಾಯ ಇತ್ತು. ಅದರ ಜಾಗಕ್ಕೆ ಕೋರಂ ಕ್ಯೂ. 2019ರಿಂದಲೇ ಇತ್ತು, ಈಗ ಕಾಪಿ ಬೇಕು ಅಂದ್ರೆ ಅದರ ಕಡೆಗೇ ಬರಬೇಕು. ಕಂಪನಿ ಲಾ ಓದಿದವರಿಗೆ ಕೋರಂ ಗೊತ್ತು. ಮೀಟಿಂಗ್‌ಗೆ ಬೇಕಾದಷ್ಟು ಜನ ಇಲ್ಲದಿದ್ರೆ ತೀರ್ಮಾನ ಸಿಂಧು ಆಗಲ್ಲ. ಇಲ್ಲೂ ಅಷ್ಟೇ, ಅರ್ಧಕ್ಕಿಂತ ಜಾಸ್ತಿ ಮಷಿನ್ ಒಪ್ಪಿದ್ರೆ ಮಾತ್ರ ಮೆಸೇಜ್ ಬಂತು ಅಂತ ಲೆಕ್ಕ.

ಒಳ್ಳೇದು. ಆದ್ರೆ ಅದೇ ರಿಲೀಸ್ ನೋಟ್ಸ್‌ನಲ್ಲಿ ಒಂದು ಸಾಲಿದೆ, ಅದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಕೆಲವು ಮೆಸೇಜ್‌ಗಳು ಎಷ್ಟು ಸಲ ಕೊಟ್ರೂ ಕೆಲಸ ಆಗಲ್ಲ. ಹೆಸರಿನ ಜಾಗದಲ್ಲಿ ಏನೋ ವಿಚಿತ್ರ ಅಕ್ಷರ, ತಾರೀಖು ತಪ್ಪು, ಇಂಥದ್ದೇನೋ. ತಗೊಂಡವನು ಬೀಳ್ತಾನೆ, ಮೆಸೇಜ್ ವಾಪಸ್ ಕ್ಯೂಗೆ, ಮತ್ತೆ ಅದೇ ಕಥೆ. ಇದನ್ನ ಪಾಯ್ಸನ್ ಮೆಸೇಜ್ ಅಂತಾರೆ. ಇದು ಕೊನೆಯಿಲ್ಲದೆ ಸುತ್ತಬಾರದು ಅಂತ 4.0ರಲ್ಲಿ ಕೋರಂ ಕ್ಯೂಗಳಿಗೆ ಡೀಫಾಲ್ಟ್ ಮಿತಿ ಹಾಕಿದ್ದಾರೆ: 20 ಸಲ. ಮಿತಿ ದಾಟಿದ್ರೆ ಮೆಸೇಜ್ "ಡೆಡ್ ಲೆಟರ್" ಜಾಗಕ್ಕೆ ಹೋಗುತ್ತೆ. ಆದ್ರೆ ಆ ಜಾಗವನ್ನ ನೀವು ಮೊದಲೇ ಮಾಡಿಟ್ಟಿರಬೇಕು. ಮಾಡಿಲ್ಲ ಅಂದ್ರೆ? ಮೆಸೇಜನ್ನ ತೆಗೆದುಹಾಕುತ್ತೆ.

ಡೆಡ್ ಲೆಟರ್ ಕ್ಯೂ ಅಂದ್ರೆ ನಮ್ಮ ಸಸ್ಪೆನ್ಸ್ ಅಕೌಂಟ್. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್‌ಗೆ ಹಾಕಿ, ಆಮೇಲೆ ಕೂತು ಹುಡುಕ್ತೀವಿ. ಯಾವ ಅಕೌಂಟೆಂಟೂ "₹1,800 ಟ್ಯಾಲಿ ಆಗ್ತಿಲ್ಲ, 20 ಸಲ ಕೂಡಿ ನೋಡಿದೆ, ಬಿಟ್ಟಾಕಿ" ಅನ್ನಲ್ಲ. ಅಂದ್ರೆ ಕೆಲಸ ಹೋಗುತ್ತೆ.

ಕಾಫ್ಕಾದ ಷೇರ್ ಗ್ರೂಪ್‌ನಲ್ಲೂ ಇಂಥದ್ದೇ ಮಿತಿ ಇದೆ, ಡೀಫಾಲ್ಟ್ 5. ಮೊದಲು ಬಂದ ಆವೃತ್ತಿಗಳಲ್ಲಿ ಅದಕ್ಕೆ ತನ್ನದೇ ಡೆಡ್ ಲೆಟರ್ ಕ್ಯೂ ಇರಲಿಲ್ಲ. ಮಿತಿ ದಾಟಿದ್ದನ್ನ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತೆ.

ಇದನ್ನ ಮಾಡಿದವರನ್ನ ಬೈಯ್ತಿಲ್ಲ. ಮಿತಿ ಬೇಕೇ ಬೇಕು, ಒಂದು ಕೆಟ್ಟ ಮೆಸೇಜಿಗೋಸ್ಕರ ಸಾವಿರ ಮೆಸೇಜ್ ಕಾಯಬಾರದು. ನೋಟ್ಸ್‌ನಲ್ಲಿ ಸ್ಪಷ್ಟವಾಗಿ ಬರೆದೂ ಇದ್ದಾರೆ. ನನ್ನ ಪ್ರಶ್ನೆ ಇದನ್ನ ಬಳಸೋ ಸಂಸ್ಥೆಗಳಿಗೆ: ಸಸ್ಪೆನ್ಸ್ ಅಕೌಂಟ್ ತೆರೆದಿದ್ದೀರಾ? ತೆರೆದಿದ್ರೆ, ಅದನ್ನ ದಿನಾ ನೋಡೋರು ಯಾರು?

ಭಾಗ 8/9

ಇದು ಬರೀ ಥಿಯರಿ ಅಂತ ಅನ್ಕೋಬೇಡಿ.

ಕಳೆದ ಸೆಮ್‌ನಲ್ಲಿ ನಮ್ಮ ಜೊತೆ ಓದೋ ಒಬ್ಬಳು ಎಕ್ಸಾಮ್ ಫೀಸ್ ಆನ್‌ಲೈನಲ್ಲಿ ಕಟ್ಟಿದಳು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಕ್ಸಸ್. ಪೋರ್ಟಲ್‌ನಲ್ಲಿ ಪೆಂಡಿಂಗ್. ಮಾರನೇ ದಿನವೂ ಪೆಂಡಿಂಗ್. ಕಚೇರಿಗೆ ಹೋದ್ರೆ "ನಮ್ಮ ಸಿಸ್ಟಮ್‌ಗೆ ಬಂದಿಲ್ಲಮ್ಮ, ಬ್ಯಾಂಕ್‌ನಲ್ಲಿ ಕೇಳು". ಬ್ಯಾಂಕ್‌ನಲ್ಲಿ "ನಮ್ಮ ಕಡೆಯಿಂದ ಹೋಗಿದೆ, ಕಾಲೇಜಲ್ಲಿ ಕೇಳಿ". ಕೊನೇ ದಿನ ಸಂಜೆ ಅವಳ ಅಮ್ಮ ಯಾರ ಹತ್ರಾನೋ ಕೈಗಡ ತಂದು ಕೊಟ್ರು. ದಂಡ ಸೇರಿಸಿ ಎರಡನೇ ಸಲ ಕಟ್ಟಿದಳು. ಮೊದಲ ಸಲದ ದುಡ್ಡು ವಾಪಸ್ ಬರೋಕೆ ಒಂದೂವರೆ ತಿಂಗಳಾಯ್ತು. ದಂಡ ಬರಲೇ ಇಲ್ಲ.

ಆ ಸುದ್ದಿ ಎಲ್ಲಿ ನಿಂತಿತ್ತು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಕ್ಯೂನಲ್ಲಿತ್ತಾ, ಅಲ್ಲಿ ಬ್ರೋಕರ್ ಅನ್ನೋದಾದ್ರೂ ಇತ್ತಾ, ಏನೂ ಇಲ್ಲ. "ಸರ್ವರ್ ಪ್ರಾಬ್ಲಮ್" ಅನ್ನೋ ಎರಡೇ ಪದ. ಅದೇನು ಮಳೆನಾ, ಬಿಸಿಲಾ, ತಾನಾಗೇ ಬಂದು ತಾನಾಗೇ ಹೋಗೋಕೆ?

ಈ ಥರದ ನಷ್ಟಕ್ಕೆ ಬೆಲೆ ಕಟ್ಟೋಕಾಗಲ್ಲ ಅಂತೇನಿಲ್ಲ. ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲೇ ಕಟ್ಟಿ ತೋರಿಸಿದೆ. ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ದುಡ್ಡು ನಿಮ್ಮ ಖಾತೆಯಿಂದ ಹೋಗಿ ಅವರಿಗೆ ಸೇರದಿದ್ರೆ, ವ್ಯವಹಾರ ನಡೆದ ಮರುದಿನದೊಳಗೆ ತಾನಾಗೇ ವಾಪಸ್ ಆಗಬೇಕು. ಅಂಗಡಿಗೆ ಕಟ್ಟಿದ್ದು ಹೋಗಿ, ಅಂಗಡಿಗೆ ಖಚಿತತೆ ಬರದಿದ್ರೆ 5 ದಿನದೊಳಗೆ. ತಡ ಆದ್ರೆ ದಿನಕ್ಕೆ ₹100 ಪರಿಹಾರ. ಗ್ರಾಹಕರು ದೂರು ಕೊಡೋವರೆಗೂ ಕಾಯಬಾರದು ಅಂತಾನೂ ಹೇಳಿದೆ. ಈ ನಿಯಮ ಎಷ್ಟು ಜನಕ್ಕೆ ಗೊತ್ತಿತ್ತು? ಈ ಭಾಗ ಸೇವ್ ಮಾಡ್ಕೊಳ್ಳಿ, ಮನೆಯವರಿಗೂ ಕಳಿಸಿ.

ದಿನಕ್ಕೆ ₹100 ಅನ್ನೋದು ಸಣ್ಣ ಮೊತ್ತ ಅನ್ಸಬಹುದು. ಆದ್ರೆ ಅದರಿಂದ ಒಂದು ಕೆಲಸ ಆಗುತ್ತೆ. ಕಳೆದುಹೋದ ಸುದ್ದಿ ಲೆಕ್ಕದ ಪುಸ್ತಕಕ್ಕೆ ಖರ್ಚಾಗಿ ಬರುತ್ತೆ. ಖರ್ಚಾಗಿ ಬಂದಿದ್ದನ್ನ ಮ್ಯಾನೇಜ್‌ಮೆಂಟ್ ನೋಡುತ್ತೆ. ಆದ್ರೆ ಈ ನಿಯಮ ಇರೋದು ಪಾವತಿ ವ್ಯವಸ್ಥೆಗೆ. ದುಡ್ಡು ತಗೊಂಡ ಸಂಸ್ಥೆಯ ಒಳಗೆ, ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಸುದ್ದಿ ಹೋಗೋ ದಾರಿಯಲ್ಲಿ ಸಿಕ್ಕಿಹಾಕಿಕೊಂಡ್ರೆ ದಂಡ ಕಟ್ಟೋದು ಯಾರು? ನಮ್ಮ ಫ್ರೆಂಡ್ ವಿಷಯದಲ್ಲಿ ಕಟ್ಟಿದ್ದು ಅವಳ ಅಮ್ಮ.

ಭಾಗ 9/9

ನಿಮ್ಮ ತಲೇಲಿ ಓಡ್ತಿರೋ ಎರಡು ಮಾತಿಗೆ ಉತ್ತರ ಹೇಳಿ ಮುಗಿಸ್ತೀನಿ.

ಒಂದು: "ಇದು ಇಂಜಿನಿಯರ್‌ಗಳ ಕೆಲಸ." ಸೆಟ್ಟಿಂಗ್ ಹಾಕೋದು ಅವರ ಕೆಲಸ, ಒಪ್ಪಿದೆ. ಯಾವ ಸೆಟ್ಟಿಂಗ್ ಅಂತ ಹೇಳೋದು ಎಲ್ಲರದ್ದೂ. ಬೆಂಗಳೂರಲ್ಲಿ ಇಷ್ಟೊಂದು ಕಂಪನಿಗಳಿವೆ, ನಮ್ಮಲ್ಲಿ ಎಷ್ಟೋ ಜನ ಅಲ್ಲೇ ಅಕೌಂಟ್ಸ್, ಆಡಿಟ್, ಆಪರೇಷನ್ಸ್ ಅಂತ ಸೇರ್ತೀವಿ. ನಾವು ಮ್ಯಾಚ್ ಮಾಡೋ ಪ್ರತಿ ರೀಕನ್ಸಿಲಿಯೇಷನ್ ಶೀಟ್‌ನ ಹಿಂದೆ ಇಂಥ ಒಂದು ಕ್ಯೂ ಇರಬಹುದು. ಟ್ಯಾಲಿ ಆಗದ ಸಾಲಿಗೆ ಕಾರಣ ಅಲ್ಲೇ ಇರಬಹುದು.

ಎರಡು: "ಹೊಸ ಆವೃತ್ತಿ ಬಂದ ಮೇಲೆ ಎಲ್ಲ ಸರಿಹೋಗುತ್ತೆ ಬಿಡು." ಇಲ್ಲ. ಮೆಸೇಜ್ ಕಳೆಯದ ಹಾಗೆ ಮುಟ್ಟಿಸೋದು 1993ರಲ್ಲೇ ಸಾಧ್ಯ ಇತ್ತು ಅಂತ ಆಗಲೇ ಹೇಳಿದ್ದೆ. ಕಾಫ್ಕಾ 2017ರಲ್ಲೇ "ಎಕ್ಸಾಕ್ಟ್ಲಿ ಒನ್ಸ್" ತಂತು. ಆ ಖಾತ್ರಿ ಕಾಫ್ಕಾದ ಒಳಗಿನ ಓದು ಬರಹಕ್ಕೆ ಸರಿ. ಹೊರಗಿನ ಪೋರ್ಟಲ್, ಹೊರಗಿನ ಬ್ಯಾಂಕ್ ಸೇರಿಕೊಂಡ ತಕ್ಷಣ ಆ ಕಡೆಯವರೂ ಜವಾಬ್ದಾರಿ ತಗೋಬೇಕು, ಒಂದೇ ನಂಬರಿನ ವ್ಯವಹಾರ ಎರಡು ಸಲ ಬಂದ್ರೆ ಗುರುತಿಸಬೇಕು. ಹೊಸ ಫೀಚರ್‌ಗಳು ನೆಪಗಳನ್ನ ಕಮ್ಮಿ ಮಾಡ್ತವೆ. ಮನಸ್ಸು ಮಾಡಬೇಕಾದೋರು ಮನುಷ್ಯರೇ.

ಹಾಗಂತ ಎಲ್ಲರಿಗೂ ಇವು ಬೇಕು ಅಂತಲ್ಲ. ದಿನಕ್ಕೆ 50 ಬಿಲ್ ಮಾಡೋ ಅಂಗಡಿಗೆ ಕಾಫ್ಕಾ ಹಾಕಿಸೋದು, ಪಕ್ಕದ ಬೀದಿಗೆ ಹಾಲು ತರೋಕೆ ಲಾರಿ ತಗೊಂಡು ಹೋದ ಹಾಗೆ. ಟ್ಯಾಲಿ ಇದೆ, ಎಕ್ಸೆಲ್ ಇದೆ, ಸಾಕು.

ಆದ್ರೆ ಸಾವಿರಾರು ಜನರ ದುಡ್ಡು ಮುಟ್ಟೋ ಸಂಸ್ಥೆಯಲ್ಲಿ ನೀವು ಕೆಲಸಕ್ಕೆ ಸೇರಿದ್ರೆ, ಈ ನಾಲ್ಕು ಪ್ರಶ್ನೆ ಕೇಳಿ. ಕೋಡಿಂಗ್ ಬರಬೇಕಿಲ್ಲ.

1. ಒಂದು ಸುದ್ದಿ ಬಂತು ಅಂತ ರಸೀದಿ ಕೊಡೋದು ಎಷ್ಟು ಕಡೆ ಬರೆದ ಮೇಲೆ?
2. ಒಂದೇ ವ್ಯವಹಾರ ಎರಡು ಸಲ ಬಂದ್ರೆ ಯಾರು, ಹೇಗೆ ಗುರುತಿಸ್ತಾರೆ?
3. ಕೆಲಸ ಆಗದ ಮೆಸೇಜ್‌ಗಳು ಎಲ್ಲಿ ಹೋಗ್ತವೆ, ಅವನ್ನ ದಿನಾ ನೋಡೋರ ಹೆಸರೇನು?
4. ಸಾಲು ತಪ್ಪಿದ್ರೆ ಯಾವ ವ್ಯವಹಾರ ಕೆಡುತ್ತೆ?

ಮೂರನೇದಕ್ಕೆ ಒಬ್ಬರ ಹೆಸರು ಬರದೆ "ಸಿಸ್ಟಮ್ ನೋಡ್ಕೊಳ್ಳುತ್ತೆ" ಅನ್ನೋ ಉತ್ತರ ಬಂದ್ರೆ, ಯಾರೂ ನೋಡ್ತಿಲ್ಲ ಅಂತಾನೇ ಅರ್ಥ.

ಈಗ ನಿಮ್ಮ ಸರದಿ. ಮೂರು ಕೆಲಸ ಕೊಡ್ತೀನಿ: ಸ್ಕಾಲರ್‌ಶಿಪ್ ದುಡ್ಡು ಜಮಾ, ಬಸ್ ಎಲ್ಲಿದೆ ಅಂತ ತೋರಿಸೋ ಲೊಕೇಷನ್, ಹಾಲ್ ಟಿಕೆಟ್ ಎಸ್‌ಎಂಎಸ್. ಯಾವುದಕ್ಕೆ ಹೆಚ್ಚೆಂದರೆ ಒಂದು ಸಲ ಸಾಕು? ಯಾವುದಕ್ಕೆ ಕಮ್ಮಿ ಅಂದ್ರೂ ಒಂದು ಸಲ ಬೇಕು? ಯಾವುದು ಸರಿಯಾಗಿ ಒಂದೇ ಸಲ ಆಗಲೇಬೇಕು? ಕಾರಣ ಸಮೇತ ಕಾಮೆಂಟ್ ಮಾಡಿ. ಬಿಸಿಎ ಫ್ರೆಂಡ್ಸ್‌ನ ಟ್ಯಾಗ್ ಮಾಡಿ, ಅವರೂ ನಾವೂ ಒಂದೇ ಟೇಬಲ್‌ನಲ್ಲಿ ಕೂತು ಮಾತಾಡಬೇಕಾದ ವಿಷಯ ಇದು.

#ಬಿಕಾಂ #ಕನ್ನಡದಲ್ಲಿಟೆಕ್ #ದುಡ್ಡಿನಲೆಕ್ಕ #ಮೆಸೇಜ್‌ಬ್ರೋಕರ್